ಪ್ಯಾಂಟ್ ಮಾಸ್ಟರ್ ಬಿಟ್ಟ ಮಾತ್ರೆ

ಔಷಧಿ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಈಗ ಗಿರಾಕಿ ಬಾಯಿ ಬಿಡುವುದೇ ಬೇಕಿಲ್ಲ, ನಿಂತ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಕೆಮ್ಮಿನವರು ಕೆಮ್ಮುತ್ತಲೇ ಬರುತ್ತಾರೆ, ಹಲ್ಲುನೋವಿನವರು ಕೆನ್ನೆ ಹಿಡಿದು ಬರುತ್ತಾರೆ. ‘ಆ’ ಮಾತ್ರೆ ಬೇಕಾದ ಗಂಡಸರು ಮಾತ್ರ ಮೊದಲು ತಲೆನೋವಿನ ಮಾತ್ರೆ ಕೇಳುತ್ತಾರೆ. ಆಮೇಲೆ ಒಂದು ಸೋಪು. ಆಮೇಲೆ ಪಕ್ಕದಲ್ಲಿ ನಿಂತ ಹೆಂಗಸು ಹೋಗುವ ತನಕ ಮಕ್ಕಳ ಹಾಲುಪುಡಿಯ ಜಾಹೀರಾತನ್ನು ನಾಳೆ ಪರೀಕ್ಷೆ ಇರುವವರ ಹಾಗೆ ಓದುತ್ತಾರೆ. ಆಕೆ ಮೆಟ್ಟಿಲಿಳಿದ ಮೇಲೆ ಕೌಂಟರಿನ ಮೇಲೆ ಬಗ್ಗಿ, ನನ್ನ ಕಿವಿಗಲ್ಲ, ಅಂಗಿಯ ಜೇಬಿಗೆ ಹೇಳುತ್ತಾರೆ: “ಒಬ್ಬ ಫ್ರೆಂಡಿಗೆ ಬೇಕಿತ್ತು.” ಈ ಕಾಲದಲ್ಲೂ ಇಷ್ಟು ಜನ ಸ್ನೇಹಿತರಿಗಾಗಿ ಜೀವ ತೇಯುತ್ತಾರೆಂದು ನನ್ನಂಥವನಿಗಲ್ಲದೆ ಯಾರಿಗೂ ಗೊತ್ತಿಲ್ಲ. ಮೊದಲೆಲ್ಲ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಕ್ಕೂ ಸಾಕಾಗಿದೆ. ಕಾಗದದಲ್ಲಿ ಸುತ್ತಿ ಕೊಟ್ಟುಬಿಡುತ್ತೇನೆ. ಡಾಕ್ಟರ ಚೀಟಿ ಕೇಳಬೇಕು, ಎಷ್ಟೋ ಸಲ ಕೇಳುವುದಿಲ್ಲ. ಅದು ತಪ್ಪು, ಒಪ್ಪಿಕೊಳ್ಳುತ್ತೇನೆ.

ನನ್ನ ಪಕ್ಕದ ಮಳಿಗೆಯವನು ಮಾತ್ರ ಆ ಮಾತ್ರೆ ಕೇಳಲು ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ಅವನ ಬಲಗಾಲಿನಲ್ಲಿ ಇವತ್ತು ಐದು ಬೆರಳು ಇರುತ್ತಿದ್ದವೋ ಏನೋ.

ಅವನು ಟೈಲರ್. ಬೀದಿಯೆಲ್ಲ ಅವನನ್ನು ಪ್ಯಾಂಟ್ ಮಾಸ್ಟರ್ ಎನ್ನುತ್ತದೆ. ಷರ್ಟು ಬರುವುದಿಲ್ಲ ಎಂದಲ್ಲ, ಆದರೆ ಹೊಟ್ಟೆ ಮುಂದೆ ಬಂದವರಿಗೂ ಹಿಂದೆ ಏನೂ ಇಲ್ಲದವರಿಗೂ ಜಾರದ ಹಾಗೆ ಪ್ಯಾಂಟು ಹೊಲಿಯುವವನು ಈ ಸುತ್ತಿನಲ್ಲಿ ಅವನೊಬ್ಬನೇ. ನನಗಿಂತ ಏಳು ವರ್ಷ ಚಿಕ್ಕವನು, ಈಗ ಐವತ್ತನಾಲ್ಕು. ಉದ್ದನೆಯ ಮಳಿಗೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ಅವನ ಮೆಷೀನು, ಪರದೆಯಾಚೆ ಹೆಂಡತಿಯ ಮೆಷೀನು. ಆಕೆ ಹೆಂಗಸರ ಬಟ್ಟೆ ಹೊಲಿಯುತ್ತಾಳೆ, ಗಂಡ ಹೊಲಿದದ್ದಕ್ಕೆ ಕಾಜ ಗುಂಡಿ ಹಾಕುತ್ತಾಳೆ. ಇಪ್ಪತ್ತೆಂಟು ವರ್ಷದಿಂದ ಒಂದೇ ನಿಯಮ: ಗಂಡಸರ ಅಳತೆ ಅವನದು, ಹೆಂಗಸರ ಅಳತೆ ಆಕೆಯದು. ಒಬ್ಬರ ಟೇಪನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮಗಳು ಮದುವೆಯಾಗಿ ಬೇರೆ ಊರು ಸೇರಿದ ಮೇಲೆ ಇಬ್ಬರೂ ಮನೆಯಲ್ಲಿರುವುದಕ್ಕಿಂತ ಅಂಗಡಿಯಲ್ಲೇ ಹೆಚ್ಚು.

“ಎರಡು ಕೈ ಮೇಲೆತ್ತಿ, ಸೊಂಟಕ್ಕೆ ಟೇಪು ಸುತ್ತಿಸ್ಕೊಂಡು ನಿಂತ ಗಂಡಸು ಏನನ್ನೂ ಬಚ್ಚಿಡಲ್ಲ ಅಣ್ಣಾ,” ಎನ್ನುತ್ತಿದ್ದ. “ಸಾಲ, ಸೊಸೆ, ಮೂಲವ್ಯಾಧಿ ಎಲ್ಲಾ ಹೇಳ್ಬಿಡ್ತಾನೆ.” ಕೇಳಿಸಿಕೊಳ್ಳುವವನು ತಾನೇನನ್ನೂ ಹೇಳುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡವನಿಗೆ ಹೂಂಗುಟ್ಟುವುದು ಬಿಟ್ಟರೆ ಬೇರೇನು ಸಾಧ್ಯ?

ಅವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ಹೇಳಿದವನು ನಾನೇ. ಎಂಟು ವರ್ಷದ ಹಿಂದಿನ ಮಾತು. ಅರ್ಧ ಗಂಟೆಗೊಮ್ಮೆ ಮೆಷೀನು ಬಿಟ್ಟೆದ್ದು ಹಿತ್ತಲಿಗೆ ಓಡುವುದು, ಬಂದವನೇ ಬಾಟಲಿ ಎತ್ತಿ ಗಟಗಟ ನೀರು ಕುಡಿಯುವುದು. ಕೌಂಟರಿನಿಂದಲೇ ಎರಡು ದಿನ ನೋಡಿ, ಮೂರನೆಯ ದಿನ ಕರೆದು ಬೆರಳು ಚುಚ್ಚಿದೆ. ಸಕ್ಕರೆ ಅಳೆಯುವ ಮಿಷನ್ನು ತೋರಿಸಿದ ಅಂಕಿ ನೋಡಿ ಡಾಕ್ಟರ ಹತ್ತಿರ ಅಟ್ಟಿದೆ. ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು. ಪ್ರತಿ ತಿಂಗಳ ಮೊದಲ ದಿನ ನನ್ನಲ್ಲಿಗೆ ಬರುವನು. ನಾನು ಮಾತ್ರೆಯ ಹಾಳೆ ಕತ್ತರಿಸುವುದನ್ನು ನೋಡಿದರೆ ಅವನಿಗೆ ಮೈ ಉರಿಯುತ್ತಿತ್ತು. “ಇದು ಕತ್ತರೀನಾ ಅಣ್ಣಾ, ಹಲ್ಲಿಲ್ದಿರೋ ಮುದುಕಿ ಬಾಯಿ,” ಎಂದು ಕಸಿದುಕೊಂಡು ಹೋಗಿ ಸಾಣೆ ಹಿಡಿದು ತಂದು ಕೊಡುವನು.

ಈ ವರ್ಷದ ಶುರುವಿನಲ್ಲಿ ಒಂದು ತಿಂಗಳ ಮೊದಲ ದಿನ ಅವನು ಬರಲಿಲ್ಲ. ಎರಡನೆಯ ದಿನವೂ ಇಲ್ಲ, ಹತ್ತನೆಯ ದಿನವೂ ಇಲ್ಲ. ಆಗಷ್ಟೇ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಔಷಧಿ ಅಂಗಡಿ ಬಾಗಿಲು ತೆರೆದಿತ್ತು. ಎಲ್ಲದಕ್ಕೂ ರಿಯಾಯಿತಿ, ಕೂರಲು ಮೆತ್ತನೆಯ ಕುರ್ಚಿ. ನನ್ನ ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಅತ್ತ ಜಾರುತ್ತಿದ್ದರು. ಇವನೂ ಜಾರಿದ ಎಂದುಕೊಂಡೆ. ಗೋಡೆ ಪಕ್ಕದವನು, ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಟೀ ಕುಡಿದವನು, ನಾಲ್ಕು ಕಾಸಿನ ಆಸೆಗೆ ಅಲ್ಲಿಗೆ ಹೋದನಲ್ಲ ಎಂದು ಹೊಟ್ಟೆ ಉರಿಯಿತು. ಕೇಳಿದರೆ ನಾನು ಸಣ್ಣವನಾಗುತ್ತೇನೆ ಎಂದು ಕೇಳಲಿಲ್ಲ. ಟೀಗೆ ಕರೆದಾಗ ಕೆಲಸವಿದೆ ಎಂದೆ. ಎರಡು ಸಲ ಕರೆದ, ಮೂರನೆಯ ಸಲ ಕರೆಯಲಿಲ್ಲ. ಅವನ ಗುಟ್ಟು ನನಗೆ ಗೊತ್ತಾಗಿಬಿಟ್ಟಿದೆ, ಅದಕ್ಕೇ ನಾನು ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದು ಅವನು ತಿಳಿದಿದ್ದನಂತೆ. ಹೀಗೆ ಇಬ್ಬರು ಅರೆಮುದುಕರು ನಾಲ್ಕು ತಿಂಗಳು ಒಂದು ಇಟ್ಟಿಗೆ ಗೋಡೆಯ ಆಚೆ ಈಚೆ ಮುಖ ಗಂಟು ಹಾಕಿಕೊಂಡು ಕೂತೆವು. ಒಂದೇ ಒಂದು ಸಲ “ಏನಯ್ಯಾ, ಮಾತ್ರೆ ತಗೊಂಡಿಲ್ವಲ್ಲ?” ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಔಷಧಿ ಮಾರುವವನು ಕೇಳಲೇಬೇಕಾದ ಮಾತು ಅದು. ನಾನು ವ್ಯಾಪಾರಿಯ ಹಾಗೆ ಮುನಿಸಿಕೊಂಡೆ.

ಒಂದು ಮಧ್ಯಾಹ್ನ ಅವನ ಹೆಂಡತಿ ಬಂದಳು. ಕುತ್ತಿಗೆಯಲ್ಲಿ ಟೇಪು ಹಾಗೇ ನೇತಾಡುತ್ತಿತ್ತು.

“ಅಣ್ಣಾ, ಗಾಯಕ್ಕೆ ಹಚ್ಚೋ ಮುಲಾಮು ಕೊಡಿ. ಮತ್ತೆ ಇವರ ಸಕ್ಕರೆ ಮಾತ್ರೆ ಇನ್ನೊಂಚೂರು ಜೋರಿಂದು ಇದೆಯಾ? ಈಗ ಕೊಡ್ತಿರೋದು ಸಾಲ್ತಾ ಇಲ್ಲ ಅನ್ಸತ್ತೆ.”

ನಾಲ್ಕು ತಿಂಗಳ ಉರಿ ಬಾಯಿಗೆ ಬಂತು. “ನಾನೆಲ್ಲಿ ಕೊಡ್ತಿದೀನಮ್ಮಾ? ಅಲ್ಲಿ ಗಾಜಿನ ಬಾಗಿಲವರನ್ನೇ ಕೇಳು.”

“ಯಾವ ಗಾಜಿನ ಬಾಗಿಲು?”

“ನಿನ್ನ ಗಂಡ ನನ್ನ ಹತ್ರ ಮಾತ್ರೆ ತಗೊಂಡು ನಾಲ್ಕು ತಿಂಗಳಾಯ್ತು.”

ಆಕೆ ಕೌಂಟರಿನ ಅಂಚು ಹಿಡಿದುಕೊಂಡಳು. “ದಿನಾ ಅಂಗಡೀಲೇ ನುಂಗ್ತೀನಿ ಅಂತಾರಲ್ಲ,” ಎಂದಳು. ಆಮೇಲೆ ಟೇಪು ಕೈಗೆ ತೆಗೆದುಕೊಂಡು ಒಂದು ಕಡೆ ಉಗುರಿಟ್ಟು ತೋರಿಸಿದಳು. ಮೂವತ್ತೆರಡು.

ಊರಿಗೆಲ್ಲ ಅಳತೆ ನೋಡಿ ಹೊಲಿಯುವವನು ತನಗೆ ಮಾತ್ರ ಹತ್ತು ವರ್ಷದ ಹಿಂದಿನ ಮೂವತ್ತಾರು ಇಂಚಿನ ಲೆಕ್ಕದಲ್ಲೇ ಕತ್ತರಿಸಿಕೊಳ್ಳುತ್ತಿದ್ದ. ತನ್ನ ಸೊಂಟ ತನಗೆ ಗೊತ್ತಿಲ್ಲವೇ ಎಂಬ ಜಂಬ. ಜಾರತೊಡಗಿದಾಗ ಬೆಲ್ಟಿಗೆ ಒಂದು ತೂತು, ಮತ್ತೆ ಇನ್ನೊಂದು ತೂತು. ಇಸ್ತ್ರಿಗೆಂದು ಪ್ಯಾಂಟಿನಿಂದ ಬೆಲ್ಟು ಬಿಚ್ಚುವಾಗ ಆ ತೂತುಗಳನ್ನು ಕಂಡ ಆಕೆ, ಅವನು ಊಟವಾದ ಮೇಲೆ ಮೇಜಿನ ಮೇಲೆ ಮಲಗಿ ನಿದ್ದೆ ಹೋದಾಗ, ಇಪ್ಪತ್ತೆಂಟು ವರ್ಷದ ನಿಯಮ ಮುರಿದು ಗಂಡಸಿನ ಸೊಂಟಕ್ಕೆ ಟೇಪು ಸುತ್ತಿದ್ದಳು. ಹಾಗೆ ಸುತ್ತುವಾಗ ಕಾಲು ಕಣ್ಣಿಗೆ ಬಿತ್ತು. ಬರಿಗಾಲಲ್ಲಿ ಪೆಡಲ್ ತುಳಿಯುವವನು. ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳು ಕಪ್ಪಗಾಗಿತ್ತು. ಅಡಿಯಲ್ಲಿ ಮುರಿದ ಸೂಜಿಯ ತುದಿ. ಯಾವಾಗ ಹೊಕ್ಕಿತ್ತೋ ಏನೋ, ಅವನಿಗೆ ನೋವೇ ಗೊತ್ತಾಗಿರಲಿಲ್ಲ.

“ನಾನು ಬೇರೆ ಏನೇನೋ ಅನ್ಕೊಂಡಿದ್ದೆ ಅಣ್ಣಾ,” ಎಂದಳು. “ಈ ವಯಸ್ಸಲ್ಲಿ ಸಣ್ಣಗಾಗಿ ಯಾರಿಗೆ ಚೆನ್ನಾಗಿ ಕಾಣಬೇಕೋ ಅಂತ.”

ಮುಲಾಮು ಕೊಡಲಿಲ್ಲ. ಸಕ್ಕರೆ ಅಳೆಯುವ ಮಿಷನ್ನು ಹಿಡಿದು ಆಕೆಯ ಹಿಂದೆ ಹೋದೆ. ಮಾಸ್ಟರ್ ನನ್ನ ಮುಖ ನೋಡಿ ಪೆಡಲ್ ನಿಲ್ಲಿಸಿದ. ಬೆರಳು ಚುಚ್ಚಿದೆ, ಸಕ್ಕರೆ ನಾನೂರ ಹನ್ನೆರಡು ಬಂತು.

“ಮಾತ್ರೆ ಯಾಕ್ರೀ ಬಿಟ್ರಿ?” ಎಂದು ಹೆಂಡತಿ ಕೇಳಿದಳು.

“ಹಿಡಿಸ್ಲಿಲ್ಲ.”

“ಎಂಟು ವರ್ಷ ಹಿಡಿಸಿದ್ದು ಈಗ ಹಿಡಿಸ್ಲಿಲ್ವಾ?”

“ಹಿಡಿಸ್ಲಿಲ್ಲ ಅಂದ್ನಲ್ಲ. ಬಿಡು ಅತ್ತ.”

ಆಕೆ ಬಿಡಲಿಲ್ಲ, ಅವನು ಬಾಯಿ ತೆರೆಯಲಿಲ್ಲ. ಆಕೆಯ ಮುಖ ನೋಡಿದರೆ ಸಂಶಯ ಕಡಿಮೆಯಾಗುವ ಬದಲು ಹೆಚ್ಚಾದದ್ದು ಕಾಣುತ್ತಿತ್ತು. ಜೀವಕ್ಕೇ ಎರವಾಗುವಂಥದ್ದನ್ನು ಮಾಡಿಕೊಂಡು, ಕಾರಣ ಹೇಳದ ಗಂಡನ ಬಗ್ಗೆ ಯಾವ ಹೆಂಗಸು ತಾನೇ ಒಳ್ಳೆಯದು ಯೋಚಿಸುತ್ತಾಳೆ? ಅವನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಆಕೆ ಮಳಿಗೆಗೆ ಬೀಗ ಹಾಕಿ ಬಸ್ಸಿನಲ್ಲಿ ಬಂದಳು. ಮೂರನೆಯ ದಿನ ಬೆರಳು ತೆಗೆದರು. ಇನ್ನೊಂದು ವಾರ ಹೋಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು.

ವಾರ್ಡಿನಲ್ಲಿ ಹನ್ನೊಂದು ದಿನ. ಹಸಿರು ಪರದೆ, ಫಿನಾಯಿಲ್ ವಾಸನೆ, ಎದುರಿನ ಮಂಚದವನ ಗೊರಕೆ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ನಾನು ಹೋಗುತ್ತಿದ್ದೆ, ಆಗ ಆಕೆ ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದಳು. ಗಂಡ ಹೆಂಡತಿ ನಡುವೆ ಮಾತೆಂದರೆ ನೀರು ಬೇಕಾ, ದಿಂಬು ಎತ್ತಲಾ, ಅಷ್ಟೇ. ನನಗೂ ಹನ್ನೆರಡು ವರ್ಷದಿಂದ ಸಕ್ಕರೆ ಇದೆ. ನನ್ನ ಕಥೆ ಇಲ್ಲಿ ಬೇಡ. ಆದರೆ ಆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಾಗ ಅವನಿಗಿಂತ ನನಗೇ ಹೆಚ್ಚು ಆಯಾಸವಾಗುತ್ತಿತ್ತು.

ಆರನೆಯ ದಿನ ನಾನು ಸತ್ಯ ಹೇಳಿದೆ. ನೀನು ಬೇರೆ ಅಂಗಡಿಗೆ ಹೋದೆ ಅಂತ ಮುನಿಸಿಕೊಂಡಿದ್ದೆ ಕಣಯ್ಯಾ, ಅದಕ್ಕೇ ಮಾತಾಡಿಸಲಿಲ್ಲ ಎಂದೆ. ನಾಲ್ಕು ತಿಂಗಳ ನನ್ನ ಸಣ್ಣತನ ಅವನ ನಾಲಿಗೆಯ ಗಂಟನ್ನು ಸಡಿಲಿಸಿತೋ ಏನೋ, ಮೆಲ್ಲಗೆ ಹೇಳತೊಡಗಿದ.

ಎರಡು ವರ್ಷದಿಂದ ಅವನಿಗೆ ಹೆಂಡತಿ ಜೊತೆ ಸೇರಲು ಆಗುತ್ತಿರಲಿಲ್ಲ. ಮೊದಮೊದಲು ದಣಿವು ಎಂದುಕೊಂಡ. ಮದುವೆಯ ಬಟ್ಟೆಗಳು ರಾಶಿ ಬಂದು ಬಿದ್ದಿದ್ದ ಕಾಲ, ಬೆನ್ನು ಹಿಡಿದಿತ್ತು. ಆಮೇಲೆ ಬಟ್ಟೆ ಕಡಿಮೆಯಾದವು, ಬೆನ್ನೂ ಸರಿಹೋಯಿತು, ಅದು ಮಾತ್ರ ಸರಿಹೋಗಲಿಲ್ಲ. ಮನಸ್ಸು ಬೇಕು ಎನ್ನುತ್ತಿತ್ತು, ಮೈ ಕೇಳುತ್ತಿರಲಿಲ್ಲ. ಹಳೆಯ ಡಾಕ್ಟರ ಹತ್ತಿರ ಹೋಗಿ ‘ನಿಶ್ಶಕ್ತಿ’ ಎಂದ. ಅವರು ತಲೆಯೆತ್ತದೆ ಟಾನಿಕ್ಕು ಬರೆದರು. ಇನ್ನೊಮ್ಮೆ ಹೋಗಿ ಧೈರ್ಯ ಮಾಡಿ ಬಾಯಿ ಬಿಟ್ಟ. ಅವರು ನಕ್ಕು, “ಮಗಳ ಮದುವೆ ಮಾಡಿದೀರಾ, ಇನ್ನು ಮೊಮ್ಮಕ್ಕಳನ್ನ ಆಡಿಸಿ,” ಎಂದು ಮುಂದಿನವರನ್ನು ಕರೆದರು. ಆ ನಗು ಕೇಳಿದ ಮೇಲೆ ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಹೆಂಡತಿಗೆ ಅದಕ್ಕೆ ಕೆಲವೇ ತಿಂಗಳ ಮೊದಲು ಗರ್ಭಕೋಶದ ಆಪರೇಷನ್ ಆಗಿತ್ತು. “ಅವಳು ಮೊದಲೇ ನೊಂದಿದ್ದಾಳೆ, ಇದನ್ನೂ ಯಾಕೆ ಅವಳ ತಲೆ ಮೇಲೆ ಹಾಕೋದು ಅಂತ ಸುಮ್ಮನಾದೆ ಅಣ್ಣಾ. ಕೆಲಸ ಇದೆ ಅಂತ ಅಂಗಡೀಲೇ ಇರ್ತಿದ್ದೆ. ಅವಳು ಮಲಗಿದ ಮೇಲೆ ಮನೆಗೆ ಹೋಗ್ತಿದ್ದೆ.”

“ಮಾತ್ರೆ ಯಾಕಯ್ಯಾ ಬಿಟ್ಟೆ ಹಾಗಾದ್ರೆ?”

“ಕಂಟ್ರಾಕ್ಟರ್ ಹೇಳ್ದ.”

ಆ ಕಂಟ್ರಾಕ್ಟರ್ ನನಗೂ ಗೊತ್ತು. ಮನೆ ಕಟ್ಟಿಸುವವನು, ಎರಡು ಬೀದಿ ಆಚೆ ಇದ್ದಾನೆ, ಅವನಿಗೂ ಸಕ್ಕರೆ. ಪ್ಯಾಂಟಿಗೆ ಅಳತೆ ಕೊಡುವಾಗ ಕೈ ಮೇಲೆತ್ತಿಕೊಂಡು ಹೇಳಿದನಂತೆ: “ಮಾಸ್ಟ್ರೇ, ಈ ಸಕ್ಕರೆ ಮಾತ್ರೆ ಇದೆಯಲ್ಲ, ಇದೇ ನೋಡಿ ಗಂಡಸ್ತನ ತೆಗೆಯೋದು. ನಾನು ಬಿಟ್ಟು ಬಿಸಾಕ್ದೆ. ಈಗ ಹೆಂಗಿದೀನಿ ಗೊತ್ತಾ? ಕುದುರೆ!” ಮಾಸ್ಟರ್ ಗುಂಡುಸೂಜಿ ಕಚ್ಚಿಕೊಂಡೇ ಲೆಕ್ಕ ಹಾಕಿದ. ಮಾತ್ರೆ ಶುರುವಾದದ್ದು ಮೊದಲು, ತೊಂದರೆ ಬಂದದ್ದು ಆಮೇಲೆ. ಸರಿಹೋಯಿತಲ್ಲ ಲೆಕ್ಕ! ಮಾರನೆಯ ದಿನದಿಂದ ಬಿಟ್ಟ. ಒಂದು ತಿಂಗಳಲ್ಲಿ ಸರಿಹೋಗುತ್ತದೆ, ಆಮೇಲೆ ಮತ್ತೆ ಶುರು ಮಾಡೋಣ ಎಂದುಕೊಂಡ. ಆಗಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದ. ಶೀತವಾಯಿತೆಂದು ಮೂಗು ಕೊಯ್ದುಕೊಂಡವನ ಕಥೆ.

ಔಷಧಿ ಅಂಗಡಿಯವನಿಗೆ ಒಂದು ವ್ರತವಿದೆ: ಯಾರು ಏನು ಕೊಂಡರೆಂದು ಇನ್ನೊಬ್ಬರಿಗೆ ಹೇಳಬಾರದು. ಮೂವತ್ತೊಂದು ವರ್ಷ ಅದನ್ನು ಮುರಿದಿರಲಿಲ್ಲ, ನನ್ನ ಹೆಂಡತಿಯ ಹತ್ತಿರವೂ. ಅವತ್ತು ಮುರಿದೆ. ಪಶ್ಚಾತ್ತಾಪವೇನೂ ಇಲ್ಲ.

“ಕೇಳಯ್ಯಾ ಇಲ್ಲಿ. ಆ ಕುದುರೆ ಪ್ರತಿ ಶನಿವಾರ ನನ್ನ ಹತ್ರ ಬಂದು, ತಲೆನೋವಿನ ಮಾತ್ರೆ ಜೊತೆ ಇನ್ನೊಂದು ಮಾತ್ರೆ ತಗೊಂಡು ಹೋಗ್ತಾನೆ. ಫ್ರೆಂಡಿಗೆ ಅಂತ. ಎರಡು ವರ್ಷದಿಂದ. ಸಕ್ಕರೆ ಮಾತ್ರೇನೂ ತಗೋತಾನೆ, ಒಂದು ತಿಂಗಳೂ ತಪ್ಪಿಸಿಲ್ಲ.”

ಮಾಸ್ಟರ್ ನನ್ನ ಮುಖವನ್ನೇ ನೋಡಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವ ತ್ರಾಣವೂ ಇರಲಿಲ್ಲ.

“ಅವನೂ ನನ್ನ ಹಾಗೇನಾ?” ಎಂದ.

“ನಿನ್ನ ಹಾಗೇ. ನನ್ನ ಕೌಂಟರ್ ಮುಂದೆ ನಿಲ್ಲೋರಲ್ಲಿ ಅರ್ಧಕ್ಕರ್ಧ ಜನ ನಿನ್ನ ಹಾಗೇ.”

“ಇಷ್ಟೊಂದು ಜನಾನಾ?” ಎಂದ. ಬೆರಳು ಹೋದ ಮೇಲೆ ಮೊದಲ ಸಲ ಅವನ ಕಣ್ಣಲ್ಲಿ ನೀರು ಕಂಡೆ. ಎದುರಿನ ಮಂಚದವನು ಗೊರಕೆ ನಿಲ್ಲಿಸಿ ಮಗ್ಗಲು ಬದಲಿಸಿದ.

ಅವಳಿಗೆ ಹೇಳು ಎಂದೆ. ಆಗಲ್ಲ ಎಂದ. ನಾನು ಹೇಳಲಾ ಎಂದರೆ, ಹೇಳಿದರೆ ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ ಎಂದ. ಮತ್ತೆ ಐದು ದಿನ ಹಾಗೇ ಹೋದವು. ಆಕೆ ಬರುವಳು, ಗಾಯದ ಬಟ್ಟೆ ಬದಲಿಸುವುದನ್ನು ನೋಡುವಳು, ಚಮಚದಲ್ಲಿ ತಿನ್ನಿಸುವಳು. ಒಂದು ದಿನ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, “ಯಾರಣ್ಣಾ ಅವಳು? ನಿಮಗೆ ಗೊತ್ತಿರತ್ತೆ, ಹೇಳಿ, ನಾನೇನೂ ಜಗಳ ಮಾಡಲ್ಲ,” ಎಂದಳು. ಜಗಳವಾಡುವ ದನಿಯಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದು ಎಲ್ಲವನ್ನೂ ಬಿಟ್ಟುಕೊಟ್ಟವಳ ದನಿ. ಯಾರೂ ಇಲ್ಲಮ್ಮಾ ಎಂದೆ. ಆಕೆ ನಂಬಲಿಲ್ಲ.

ಮನೆಗೆ ಕಳಿಸುವ ದಿನ ಸಕ್ಕರೆ ಕಾಯಿಲೆಯ ಡಾಕ್ಟರನ್ನು ಕಂಡು ಹೋಗಬೇಕಿತ್ತು. ನಡುವಯಸ್ಸಿನ ಹೆಂಗಸು, ಕನ್ನಡಕ ಹಣೆಯ ಮೇಲೆ, ಕಣ್ಣಿನ ಕೆಳಗೆ ಕಪ್ಪು. ಬೆಳಗಿನಿಂದ ನೂರು ಜನರನ್ನು ನೋಡಿದಂತಿತ್ತು. ಚೀಟಿಗಳನ್ನು ಓದಲು ನೀವೂ ಬನ್ನಿ ಎಂದು ಮಾಸ್ಟರನ ಹೆಂಡತಿ ನನ್ನನ್ನು ಒಳಗೆ ಕರೆದಿದ್ದಳು. ನಾನು ಬಾಗಿಲ ಹತ್ತಿರ ಊರುಗೋಲು ಹಿಡಿದು ನಿಂತೆ.

ಡಾಕ್ಟರ್ ಒಂದೊಂದಾಗಿ ಕೇಳುತ್ತ ಹೋದರು. ಕಣ್ಣು ಮಂಜಾಗಿದೆಯಾ? ಕಾಲು ಜುಮುಜುಮು ಅನ್ನುತ್ತಾ? ಮೆಟ್ಟಿಲು ಹತ್ತಿದರೆ ಎದೆ ಹಿಡಿಯತ್ತಾ? ಅದೇ ದನಿಯಲ್ಲಿ, ತಲೆಯೆತ್ತಿ ಅವನನ್ನೇ ನೋಡುತ್ತ, “ಹೆಂಡತಿ ಜೊತೆ ಸೇರೋದಕ್ಕೆ ತೊಂದರೆ ಆಗ್ತಿದೆಯಾ?” ಎಂದರು.

ನಾನು ನೆಲ ನೋಡಿದೆ. ಹೊರಗೆ ಹೋಗಲು ಬಾಗಿಲಿನ ಹಿಡಿಗೆ ಕೈ ಹಾಕಿದೆ. ಹಿಡಿ ಕಿರುಗುಟ್ಟಿತು, ಅಲ್ಲೇ ನಿಂತೆ.

“ಹೌದು ಮೇಡಂ,” ಎಂದ ಮಾಸ್ಟರ್. “ಎರಡು ವರ್ಷ ಆಯ್ತು. ಆಗೋದೇ ಇಲ್ಲ. ಮಾತ್ರೆಯಿಂದ ಹಿಂಗಾಯ್ತು ಅಂತ ಮಾತ್ರೆ ಬಿಟ್ಟೆ.”

ಡಾಕ್ಟರ್ ನಗಲಿಲ್ಲ. ಪೆನ್ನು ಕೆಳಗಿಟ್ಟರು. “ಮಾತ್ರೆಯಿಂದ ಅಲ್ಲ. ಸಕ್ಕರೆಯಿಂದ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದು ಇದ್ದು ಸಣ್ಣ ಸಣ್ಣ ರಕ್ತನಾಳ ಹಾಳಾಗತ್ತೆ, ನರ ಮಂಕಾಗತ್ತೆ. ನಿಮ್ಮ ಕಾಲಿಗೆ ಸೂಜಿ ಚುಚ್ಚಿದ್ದು ಗೊತ್ತಾಗ್ಲಿಲ್ಲ ಅಲ್ವಾ? ಅಲ್ಲಿ ಆಗಿದ್ದೇ ಇಲ್ಲೂ ಆಗಿದೆ. ಮಾತ್ರೆ ಬಿಟ್ಟು ಅದನ್ನ ಇನ್ನೂ ಕೆಡಿಸ್ಕೊಂಡ್ರಿ.” ಆಮೇಲೆ ಹೇಳಿದರು: “ಸಕ್ಕರೆ ಇರೋ ಗಂಡಸರಲ್ಲಿ ಇದು ತುಂಬಾ ಜನಕ್ಕೆ ಇದೆ. ಯಾರೂ ಹೇಳಲ್ಲ. ಹೇಳ್ಬೇಕು. ಎಷ್ಟೋ ಸಲ ಹೃದಯದ ರಕ್ತನಾಳ ಕಟ್ಟೋಕೆ ಮುಂಚೆ ಇದೇ ಮೊದಲು ಕಾಣ್ಸೋದು. ನಾಳಿದ್ದು ಹೃದಯದ ಪರೀಕ್ಷೆ ಮಾಡಿಸ್ಕೊಳ್ಳಿ. ಸಕ್ಕರೆ ಹತೋಟಿಗೆ ಬರಲಿ. ಇದಕ್ಕೂ ಔಷಧಿ ಇದೆ, ಹೃದಯ ನೋಡ್ದೆ ಕೊಡೋಕಾಗಲ್ಲ. ಅಂಗಡೀಲಿ ಸುಮ್ನೆ ತಗೊಂಡು ನುಂಗ್ಬೇಡಿ, ಕೆಲವು ಹೃದಯದ ಮಾತ್ರೆ ಜೊತೆ ತಗೊಂಡ್ರೆ ಜೀವಕ್ಕೇ ಅಪಾಯ. ಪೂರ್ತಿ ಮೊದಲಿನ ಹಾಗೇ ಆಗತ್ತೆ ಅಂತ ನಾನು ಮಾತು ಕೊಡಲ್ಲ. ಎಷ್ಟು ಆಗತ್ತೋ ನೋಡೋಣ.”

ಚೀಟಿ ಇಲ್ಲದೆ ಕಾಗದದಲ್ಲಿ ಸುತ್ತಿಕೊಟ್ಟ ಮಾತ್ರೆಗಳೆಲ್ಲ ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬಂದವು. ಆದರೆ ಆ ಕೋಣೆಯಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಮಾಸ್ಟರ್ ಬೆವರುತ್ತಿದ್ದ. ಹೆಂಡತಿ ಅವನತ್ತ ತಿರುಗಿದ್ದಳು. ಸಿಟ್ಟಿಲ್ಲ, ಅಳುವಿಲ್ಲ. ಕತ್ತರಿಸಿದ ಬಟ್ಟೆ ಅಳತೆಗೆ ಬರದಿದ್ದಾಗ ನೋಡುವಂತೆ ನೋಡುತ್ತಿದ್ದಳು.

“ಅಂದ್ರೆ, ಆಪರೇಷನ್ ಆದ್ಮೇಲೆ ನಾನು ನಿಮಗೆ ಬೇಡವಾದೆ ಅಂತ ಅಲ್ಲ, ಅಲ್ವಾ?”

“ಯಾರೇ ಹೇಳಿದ್ದು ನಿನಗೆ ಹಂಗೆ?”

“ಯಾರೂ ಹೇಳ್ಲಿಲ್ಲ. ನೀವೂ ಏನೂ ಹೇಳ್ಲಿಲ್ಲ.” ಆಕೆಯ ಕೈ ತನಗೆ ತಾನೇ ಹೊಟ್ಟೆಯ ಮೇಲೆ ಹೋಯಿತು. “ಹೊಟ್ಟೆ ಮೇಲಿನ ಹೊಲಿಗೆ ಗುರುತು ನೋಡಿ ನಿಮಗೆ ಅಸಹ್ಯ ಆಯ್ತೇನೋ ಅನ್ಕೊಂಡೆ. ಇಷ್ಟು ದಿನ ಲೈಟ್ ಆರಿಸಿ ಬಟ್ಟೆ ಬದಲಾಯಿಸ್ತಿದ್ದೆ ಕಣ್ರೀ.”